ಸ್ಲೈಟ್ಲಿ ಸೊಟ್ಟ

ಯುಗಾದಿಗೆ ಬಣ್ಣ ಹೊಡೆಸುವುದೆಂದು ಮನೆಯ ಸಾಮಾನೆಲ್ಲ ಅಂಗಳಕ್ಕೆ ಬಂದಿತ್ತು. ದೇವರ ಕೋಣೆಯೊಳಗೆ ಹೋದ ಪೇಂಟರು ಬಾಗಿಲ ಹಿಂದಿನ ಗೋಡೆ ನೋಡಿ ಅಲ್ಲಿಂದಲೇ ಕೂಗಿದ.

"ಅಮ್ಮಾ, ಈ ಹಾಳಿ ಕಿತ್ತಿ ಒಗೀಲೇನ್ರಿ?"

"ಅದೊಂದು ಬಿಟ್ಟು ಬೇರೆ ಏನು ಬೇಕಾದ್ರೂ ಕೀಳಪ್ಪಾ," ಎಂದೆ ಅಡುಗೆಮನೆಯಿಂದ.

ಅವನು ಆ ಹಾಳೆಯನ್ನು ಎರಡು ಸಲ ಓದಿದನೆಂದು ಕಾಣುತ್ತದೆ. ಸದ್ದೇ ಇರಲಿಲ್ಲ. ಅದು ದೇವರ ಪಟವಲ್ಲ, ಸ್ತೋತ್ರವಲ್ಲ, ಪಂಚಾಂಗವೂ ಅಲ್ಲ. ನನ್ನ ಮಗಳು ಸುಜಾತಾ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟ ಇಂಗ್ಲಿಷ್ ಜೋಡಿಮಾತುಗಳು. ಸ್ಲೈಟ್ಲಿ ಲೂಸ್. ಬ್ಯಾಡ್ಲಿ ಸ್ಟೇನ್ಡ್. ಹೆವಿಲಿ ಫೇಡೆಡ್. ಕಂಪ್ಲೀಟ್ಲಿ ಮಿಸ್ಸಿಂಗ್. ಪರ್ಫೆಕ್ಟ್ಲಿ ಸ್ಟ್ರೈಟ್. ನಾಲ್ಕು ಮೂಲೆಗೆ ಅನ್ನದ ಅಗುಳು ಹಚ್ಚಿ ಅಂಟಿಸಿದ್ದು. ನಡುವೆ ಒಂದು ಮಾತಿನ ಮೇಲೆ ಅರಿಶಿನದ ಬೆರಳಚ್ಚು.

ದೇವರ ಕೋಣೆಯಲ್ಲಿ ಇದಕ್ಕೇನು ಕೆಲಸ ಎಂದು ನೀವೂ ಕೇಳುತ್ತೀರಿ. ಹೇಳುತ್ತೇನೆ, ಕೂತುಕೊಳ್ಳಿ. ಬೇಳೆ ಈಗಷ್ಟೇ ಒಲೆಗೆ ಹಾಕಿದ್ದೇನೆ, ಅದು ಬೇಯುವ ತನಕ ನನಗೂ ಪುರುಸೊತ್ತಿದೆ.

ನಮ್ಮ ರಾಯದುರ್ಗದ ಓಣಿಯಲ್ಲಿ ಕೋಳಿ ಕೂಗುವುದು ಕೇಳಿಸದಿದ್ದರೂ ಹೊಲಿಗೆ ಮಿಷನ್ನಿನ ಸದ್ದು ಕೇಳಿಸುತ್ತದೆ. ನಮ್ಮನೆಯವರು ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರು. ಅವರ ಕೈ ಅಳತೆಯಿಲ್ಲದೆ ಬಟ್ಟೆ ಮುಟ್ಟುವುದಿಲ್ಲ. ನನಗೋ, ಕಾಲು ತುಳಿದರೆ ಕೈ ನಿಲ್ಲುತ್ತದೆ, ಕೈ ಆಡಿದರೆ ಕಾಲು ನಿಲ್ಲುತ್ತದೆ. ಮದುವೆಯಾದ ಹೊಸದರಲ್ಲಿ ದಿಂಬಿನ ಚೀಲ ಹೊಲಿಯಲು ಕೂತವಳು ನನ್ನ ಸೆರಗನ್ನೂ ಸೇರಿಸಿ ಹೊಲಿದುಕೊಂಡು, ದಿಂಬನ್ನು ಕಟ್ಟಿಕೊಂಡೇ ಅತ್ತೆಯವರ ಮುಂದೆ ಹೋಗಿ ನಿಂತಿದ್ದೆ. ಅವರು ಕತ್ತರಿ ತಂದು ಬಿಡಿಸಿದರು. ಆಮೇಲೆ ಮಿಷನ್ನಿನ ಮೇಲೆ ಒಂದು ದುಪ್ಪಟಿ ಹೊದಿಸಿ, "ನಿಂಗ ಒಲಿ ಸಾಕವ್ವಾ," ಎಂದರು. ಆ ಮಾತನ್ನು ನಾನು ಆವತ್ತಿನ ಸಣ್ಣ ಕೃಪೆ ಎಂದು ಎಣಿಸಿಕೊಂಡೆ. ಬೈಗುಳ ತಪ್ಪಿತಲ್ಲ!

ಈ ಎಣಿಸುವ ಚಾಳಿ ನನಗೆ ಚಿಕ್ಕಂದಿನದು. ದೀಪ ಹಚ್ಚಿದ ಮೇಲೆ ಮೂರು ಕೃಪೆ ಎಣಿಸದೆ ನಾನು ಏಳುವುದಿಲ್ಲ. ನಲ್ಲಿ ನೀರು ಬಂತು, ಒಂದು. ಹಾಲು ಉಕ್ಕುವ ಮೊದಲೇ ನೋಡಿದೆ, ಎರಡು. ಮೂರನೆಯದಕ್ಕೆ ಕೆಲವು ದಿನ ಸ್ವಲ್ಪ ಹುಡುಕಬೇಕು, ಆದರೆ ಸಿಗದೇ ಹೋದದ್ದಿಲ್ಲ.

ಹೊಲಿಯಲು ಬಾರದವಳಿಗೆ ಕೊನೆಗೆ ಹೊಲಿಗೆ ನೋಡುವ ಕೆಲಸ ಬಂತು. ಯೂನಿಟ್ಟಿನವರು ಪ್ಯಾಂಟಿನ ಬಂಡಲ್ ಮನೆಗೇ ಕಳಿಸುತ್ತಾರೆ. ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ ಕೂತು, ಜೋತು ಬಿದ್ದ ದಾರ ಕತ್ತರಿಸಿ, ಪೀಸು ಪೀಸೂ ತಿರುಗಿಸಿ ನೋಡಿ, ಏನಾದರೂ ಕೊರತೆ ಕಂಡರೆ ಚೀಟಿಯಲ್ಲಿ ಬರೆಯಬೇಕು. ಬಟ್ಟೆ ಕೊಳ್ಳುವವರು ದೂರದವರು. ಅವರಿಗೆ ನಮ್ಮ ಕನ್ನಡವೂ ಬಾರದು, ತೆಲುಗೂ ಬಾರದು. ಹಾಗಾಗಿ ಕೊರತೆಯೆಲ್ಲ ಇಂಗ್ಲಿಷಿನಲ್ಲಿ. ಕೊರತೆ ಇದೆ ಎಂದರೆ ಸಾಲದು, ಎಷ್ಟು ಇದೆ ಎನ್ನುವುದೇ ಮುಖ್ಯ. 'ಸ್ಲೈಟ್ಲಿ' ಎಂದು ಬರೆದರೆ ಪ್ಯಾಂಟು ಮುಂದಕ್ಕೆ ಹೋಗುತ್ತದೆ. 'ಬ್ಯಾಡ್ಲಿ' ಎಂದರೆ ಬಿಚ್ಚಿ ಹೊಲಿಯಲು ವಾಪಸ್ಸು ಹೋಗುತ್ತದೆ. 'ಕಂಪ್ಲೀಟ್ಲಿ' ಎಂದರೆ ಮೂಲೆಗೆ. ನ್ಯಾಯವೆಲ್ಲ ಜೋಡಿಯ ಎರಡನೇ ಮಾತಿನಲ್ಲಿಲ್ಲ, ಮೊದಲನೇ ಮಾತಿನಲ್ಲಿದೆ.

ಸುಜಾತಾ ಆಗ ಕಾಲೇಜಿನಲ್ಲಿದ್ದಳು. ಒಂದು ಭಾನುವಾರ ಬಟಾಣಿ ಸುಲಿಯುತ್ತ ನನಗೆ ಪಾಠ ಮಾಡಿದಳು.

"ಸೊಂಟ ಭಾಳ ಸಡಿಲ ಇದ್ರ 'ಹೆವಿಲಿ ಲೂಸ್' ಅಂತ ಬರೀಲೇನೇ?"

"ಹಂಗ ಅನ್ನಲ್ಲಮ್ಮ. 'ವೆರಿ ಲೂಸ್' ಅಂತಾರ. ಹೆವಿಲಿ ಅನ್ನೋದು ಬಣ್ಣ ಹೋದ್ರ."

"ಯಾಕ? ಸಡಿಲಕ್ಕ ಹೆವಿಲಿ ಕೊಟ್ರ ಅದರಪ್ಪನ ಗಂಟೇನು ಹೋಗ್ತತಿ?"

"ಅನ್ನಲ್ಲ ಅಂದ್ರ ಅನ್ನಲ್ಲ! ಮಳಿಗೆ ಹೆವಿ, ಗಾಳಿಗೆ ಸ್ಟ್ರಾಂಗ್. ಗಾಳಿ ಹೆವಿ ಅಂದ್ರ ನಗ್ತಾರ."

"ಚಹಾಕ್ಕ?"

"ಚಹಾಕ್ಕೂ ಸ್ಟ್ರಾಂಗ್."

"ನೋಡು, ಗಾಳಿಗೂ ಚಹಾಕ್ಕೂ ಒಂದs ಮನೀಂದ ಹೆಣ್ಣು ತಂದಾರ," ಎಂದೆ. ಅವಳು ಬಟಾಣಿ ಕಾಯಿ ಎಸೆದಳು, ನನ್ನ ಕಿವಿಗೆ ತಾಗಿತು.

ಆಮೇಲೆ ಪಾತ್ರೆ ತೊಳೆಯುತ್ತ ಯೋಚಿಸಿದರೆ ನಮ್ಮಲ್ಲೂ ಹಾಗೇ ಇದೆ. ಬಡವನಿಗೆ 'ಕಡು' ಕೊಡುತ್ತೇವೆ, ಶ್ರೀಮಂತನಿಗೆ ಕೊಡುವುದಿಲ್ಲ. ಅವನು 'ಆಗರ್ಭ' ಶ್ರೀಮಂತ. ಬಿಸಿಲಿಗೆ ಸುಡು, ಮಳೆಗೆ ಜಡಿ. ಬಂಗಾರ ಅಪ್ಪಟ. ಸುಳ್ಳನ್ನು ಮಾತ್ರ ನಾವು 'ಶುದ್ಧ' ಎನ್ನುತ್ತೇವೆ. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ ಇದು. ನಾಲಿಗೆ ನಾಲಿಗೆಯಿಂದ ಕಲಿತದ್ದು. ಅವರ ನಾಲಿಗೆಯೂ ಹಾಗೇ ಕಲಿತಿರಬೇಕು. ಹಾಗೆಂದು ಅಂದುಕೊಂಡ ಮೇಲೆ ಇಂಗ್ಲಿಷಿನ ಹೆದರಿಕೆ ಅರ್ಧ ಹೋಯಿತು. ಉಳಿದರ್ಧಕ್ಕೆ ಹಾಳೆ ಬರೆಸಿ, ದಿನಾ ಕಣ್ಣಿಗೆ ಬೀಳಲಿ ಎಂದು ದೇವರ ಕೋಣೆಯಲ್ಲಿ ಅಂಟಿಸಿಕೊಂಡೆ. ಮೊದಮೊದಲು ಸಹಸ್ರನಾಮದ ನಡುವೆ ಒಂದೊಂದು 'ಹೆವಿಲಿ ಫೇಡೆಡ್' ಸೇರಿಕೊಳ್ಳುತ್ತಿತ್ತು. ದೇವರು ಕ್ಷಮಿಸಿದ್ದಾನೆ ಎಂದು ನಂಬಿದ್ದೇನೆ.

ಎಲ್ಲ ಮಾತಿಗಿಂತ ನನಗೆ ಇಷ್ಟವಾದದ್ದು 'ಸ್ಲೈಟ್ಲಿ'. ಅದಕ್ಕೂ ಕಾರಣವಿದೆ.

ನನ್ನ ತವರು ಮಡಕಶಿರಾ ಕಡೆ, ಹೇಮಾವತಿ ಹತ್ತಿರ. ನಮ್ಮಮ್ಮನ ಮನೆಯಲ್ಲಿ ದೀಪ ಆರಿಸು ಅನ್ನುವಂತಿರಲಿಲ್ಲ, ದೀಪ ದೊಡ್ಡದು ಮಾಡು ಅನ್ನಬೇಕು. ಅಕ್ಕಿ ಡಬ್ಬಿಯ ತಳ ಕಂಡರೆ ಅಕ್ಕಿ ತೀರಿತು ಅನ್ನಬಾರದು, ತುಂಬಿದೆ ಅನ್ನಬೇಕು. ಜ್ವರದಲ್ಲಿ ಮೈ ಕೆಂಡವಾಗಿದ್ದರೂ ಕೇಳಿದವರಿಗೆ ಅಮ್ಮ ಹೇಳುವುದು ಒಂದೇ: "ಒಸಿ ಬೆಚ್ಚಗೈತೆ." ಒಸಿ ಎಂದರೆ ಸ್ವಲ್ಪ. ಹಸಿವೂ ಒಸಿ, ನೋವೂ ಒಸಿ, ದುಃಖವೂ ಒಸಿ. ಶಾನೆ ಎನ್ನುವ ದೊಡ್ಡ ಮಾತನ್ನು ಆಕೆ ದೇವರಿಗೆ ಮಾತ್ರ ಎತ್ತಿಟ್ಟಿದ್ದಳು. ಶಾನೆ ಒಳ್ಳೇವ್ನು ಕಣೇ ನಮ್ಮಪ್ಪ, ಎಂದು ಸಿದ್ದೇಶ್ವರನಿಗೆ ಕೈ ಮುಗಿಯುತ್ತಿದ್ದಳು.

ಹೇಮಾವತಿಯ ಸಿದ್ದೇಶ್ವರನನ್ನು ನೀವು ನೋಡಿದ್ದೀರೋ ಇಲ್ಲವೋ. ಅಲ್ಲಿ ಲಿಂಗವಿಲ್ಲ, ಮನುಷ್ಯರ ಹಾಗೆ ಕೂತ ಶಿವ. ಮುಖವಿದೆ, ಕಣ್ಣಿದೆ. ಸೋಮವಾರ ಅಮ್ಮನ ಜೊತೆ ಹೋದರೆ ನಾನು ಅವಳ ಸೆರಗಿನ ಹಿಂದೆ ನಿಲ್ಲುತ್ತಿದ್ದೆ. ಬೆಲ್ಲ ಕದ್ದದ್ದು ಲಿಂಗಕ್ಕೆ ಗೊತ್ತಾಗಲಿಕ್ಕಿಲ್ಲ, ಕಣ್ಣಿದ್ದವನಿಗೆ ಗೊತ್ತಾಗದೇ ಇರುತ್ತದೆಯೇ? ಅಮ್ಮ ನನ್ನನ್ನು ಮುಂದಕ್ಕೆ ಎಳೆದು, "ಒಸಿ ತಪ್ಪು ಮಾಡವ್ಳೆ, ನೋಡ್ಕಳಪ್ಪ," ಎನ್ನುತ್ತಿದ್ದಳು. ಅರ್ಧ ಅಚ್ಚು ಬೆಲ್ಲ ಒಸಿ ಹೇಗಾಗುತ್ತದೆ ಎಂದು ಅವನೂ ಕೇಳಲಿಲ್ಲ.

ಇಂಥ ಒಸಿಯನ್ನು ಕಟ್ಟಿಕೊಂಡು ರಾಯದುರ್ಗಕ್ಕೆ ಬಂದೆ. ಇಲ್ಲಿ ಎಲ್ಲವೂ ಭಾಳ. ನಾನು ಬಾಯಿ ಬಿಟ್ಟರೆ ಎದುರು ಮನೆಯ ಈರಮ್ಮ ಸೆರಗು ಬಾಯಿಗಿಟ್ಟು ನಗುವಳು. "ಅಕ್ಕಾ, ಒಸಿ ಸಕ್ರಿ ಕೊಡ್ತೀರೇನ್ರಿ?" ಎಂದು ಬಟ್ಟಲು ಹಿಡಿದು ಬರುವಳು. ಅವಳ ಮನೆಯಲ್ಲಿ ಸಕ್ಕರೆ ಇರುತ್ತಿತ್ತು, ಅಣಕಿಸಲಿಕ್ಕೇ ಬರುತ್ತಿದ್ದಳು. ಮೂವತ್ತು ವರ್ಷ ಹೀಗೇ ನಡೆಯಿತು.

ಈಗ ವಿಷಯಕ್ಕೆ ಬಂದೆ. ಈ ಈರಮ್ಮ ಯೂನಿಟ್ಟಿನಲ್ಲಿ ಪ್ಯಾಂಟಿನ ಹಿಂದಿನ ಜೇಬು ಹೊಲಿಯುವವಳು. ನೀಲಿ ಬಟ್ಟೆಯ ಮೇಲೆ ಹಳದಿ ದಾರದಲ್ಲಿ ಎರಡು ಗೆರೆ, ಅಕ್ಕಪಕ್ಕ, ರೈಲು ಹಳಿಯ ಹಾಗೆ. ಎಲ್ಲರೂ ಅವಳನ್ನು ಜೇಬಿನ ಈರಮ್ಮ ಎಂದೇ ಕರೆಯುತ್ತಿದ್ದರು. ಗಂಡ ಬೊಮ್ಮನಹಾಳ್ ಕಡೆ ಭತ್ತದ ಕೆಲಸಕ್ಕೆ ಹೋಗುವವನು. ಕಾಲುವೆಗೆ ನೀರು ಬಿಟ್ಟಾಗ ಕೆಲಸ, ಇಲ್ಲದಾಗ ಇಲ್ಲ. ಮನೆ ನಿಂತಿದ್ದು ಆ ಮಿಷನ್ನಿನ ಮೇಲೆ.

ಹೋದ ವರ್ಷ ಅವಳ ಹಳಿ ತಪ್ಪತೊಡಗಿತು. ಮೊದಲು ಒಂದೆರಡು ಜೇಬಿನಲ್ಲಿ ಗೆರೆ ಕೂಡಿಕೊಂಡಿತ್ತು. ನಾನು 'ಸ್ಲೈಟ್ಲಿ ಕ್ರೂಕೆಡ್' ಎಂದು ಬರೆದೆ, ಒಸಿ ಸೊಟ್ಟ ಎಂದು. ಮುಂದಿನ ವಾರ ಹತ್ತರಲ್ಲಿ. ಆಗಲೂ ಸ್ಲೈಟ್ಲಿ. ಅದರ ಮುಂದಿನ ವಾರ ಒಂದು ಗೆರೆ ಜೇಬು ಬಿಟ್ಟು ಕೆಳಗೇ ಇಳಿದಿತ್ತು. ನನ್ನ ಕೈ ತಡೆಯಲೇ ಇಲ್ಲ. ಸ್ಲೈಟ್ಲಿ. ಎದುರು ಮನೆಯವಳ ಮೇಲೆ 'ಬ್ಯಾಡ್ಲಿ' ಎಂದು ಬರೆಯಲು ನಾನು ಯಾರು? ಆ ದಿನದ ಮೂರನೇ ಕೃಪೆಯ ಜಾಗದಲ್ಲಿ ನನ್ನ ದಯೆಯನ್ನೇ ಇಟ್ಟು ಎಣಿಸಿಕೊಂಡೆ. ಎಷ್ಟು ಜಂಬ ನೋಡಿ.

ಒಂದು ಸೋಮವಾರ ಯೂನಿಟ್ಟಿನ ಸೂಪರ್‌ವೈಸರ್ ರಮಣ ಎರಡು ಮೂಟೆ ಹೊತ್ತು ತಂದು ಜಗಲಿಯ ಮೇಲೆ ಹಾಕಿದ. ಕೊಂಡವರು ವಾಪಸ್ಸು ಕಳಿಸಿದ ಪ್ಯಾಂಟುಗಳು. ಅವನು ಬಹಳ ಬೇಜಾರಾದಾಗ ತೆಲುಗಿನಲ್ಲಿ ಶುರು ಮಾಡುತ್ತಾನೆ. ಒಂದು ಜೇಬು ನನ್ನ ಮುಖದ ಮುಂದೆ ಹಿಡಿದು, "ಇದಿ ಕೊಂಚೆಮಾ ಅಮ್ಮಾ?" ಎಂದ. ಇದು ಕೊಂಚವೇ ಎಂದು.

ನಾನು ಜೇಬನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದೆ.

"ನಿಮ್ಮ ಸ್ಲೈಟ್ಲಿ ನಂಬಿ ಕಳಿಸಿದ್ವಿ ಅಮ್ಮಾ. ಇನ್ನೊಂದು ಲಾಟ್ ಹಿಂಗ ವಾಪಸ್ ಬಂತಂದ್ರ ಈರಮ್ಮನ್ನ ಮಿಷನ್‌ನಿಂದ ಎಬ್ಬಿಸ್ತಾರ, ಮಾಲೀಕರು ಹೇಳಿಬಿಟ್ರು. ಇವತ್ತಿನ ಬಂಡಲ್ ಇಲ್ಲಿ ಇಟ್ಟೀನಿ. ಏನೈತೋ ಅದನ್ನ ಬರೀರಿ."

ಅವನು ಹೋದ ಮೇಲೆ ಬಂಡಲ್ ಬಿಚ್ಚಿದೆ. ಮೊದಲನೇ ಪ್ಯಾಂಟು ನೋಡಿದೆ, ಎರಡನೆಯದು ನೋಡಿದೆ. ಚೀಟಿ ಹಿಡಿದು ದೇವರ ಕೋಣೆಗೆ ಹೋಗಿ ನಿಂತೆ. ಸ್ಲೈಟ್ಲಿ ಬರೆದರೆ ಲಾಟ್ ಮತ್ತೆ ತಿರುಗಿ ಬರುತ್ತದೆ, ಅವಳ ಮಿಷನ್ ಹೋಗುತ್ತದೆ. ಬ್ಯಾಡ್ಲಿ ಬರೆದರೆ ಇನ್ನೂ ಬೇಗ ಹೋಗುತ್ತದೆ. ಪಟದಲ್ಲಿ ಸಿದ್ದೇಶ್ವರ ನೋಡುತ್ತಿದ್ದ. ಅಮ್ಮ ಒಸಿ ತಪ್ಪು ಎಂದಳೇನೋ ನಿಜ. ಆದರೆ ನನ್ನನ್ನು ಸೆರಗಿನ ಹಿಂದೆ ಬಚ್ಚಿಟ್ಟಿರಲಿಲ್ಲ, ರಟ್ಟೆ ಹಿಡಿದು ಕಣ್ಣಿದ್ದವನ ಮುಂದೆ ನಿಲ್ಲಿಸಿದ್ದಳು. ನಾನು ಈರಮ್ಮನನ್ನು ವಾರಗಟ್ಟಲೆ ಸೆರಗಿನ ಹಿಂದೆಯೇ ಇಟ್ಟಿದ್ದೆ. ಚೀಟಿಯಲ್ಲಿ 'ಬ್ಯಾಡ್ಲಿ ಕ್ರೂಕೆಡ್' ಎಂದು ಬರೆದೆ. ಆದರೆ ಯೂನಿಟ್ಟಿಗೆ ಕಳಿಸಲಿಲ್ಲ. ಪ್ಯಾಂಟನ್ನು ಹೆಗಲ ಮೇಲೆ ಹಾಕಿಕೊಂಡು ಓಣಿ ದಾಟಿದೆ.

ಈರಮ್ಮ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದಳು.

"ಈರಮ್ಮ, ಈ ಜೇಬು ಒಸಿ ನೋಡು."

"ಏನಾಗೈತ್ರಿ ಅದಕ್ಕ?"

"ಸೊಟ್ಟ ಹೋಗೈತೆ. ಶಾನೆ ಸೊಟ್ಟ." ಸಿಟ್ಟೋ ಹೆದರಿಕೆಯೋ ಬಂದರೆ ನನಗೆ ತವರಿನ ಮಾತೇ ಬರುತ್ತದೆ.

"ಇಪ್ಪತ್ತು ವರ್ಷದಿಂದ ಜೇಬು ಹೊಲ್ಯಾಕತ್ತೀನಿ. ದಿಂಬಿಗೆ ಸೆರಗು ಹೊಲಕೊಂಡೋರು ನಂಗ ಹೇಳಾಕ ಬಂದ್ರೇನ್ರಿ?"

ಆ ಕಥೆ ಅವಳಿಗೂ ಗೊತ್ತಿತ್ತು! ಅತ್ತೆಯವರು ಓಣಿಗೆಲ್ಲ ಹಂಚಿದ್ದರೆಂದು ನನಗೆ ಆವತ್ತೇ ತಿಳಿದದ್ದು. ಅದನ್ನು ನುಂಗಿಕೊಂಡು ಅವಳನ್ನು ಬಾಗಿಲ ಬೆಳಕಿಗೆ ಕರೆದೆ. ಸಂಜೆಯಾಗಿದ್ದರೂ ಒಳ್ಳೆ ಬಿಸಿಲಿತ್ತು. ಜೇಬನ್ನು ಅಗಲವಾಗಿ ಹಿಡಿದೆ.

"ಸರಿ, ನಾ ಏನೂ ಹೇಳಲ್ಲ. ಎಷ್ಟು ಗೆರೆ ಅದಾವ, ನೀನs ಹೇಳು."

"ಒಂದು," ಎಂದಳು, ಥಟ್ಟನೆ.

ಎರಡಿದ್ದವು. ಅವಳೇ ಎರಡು ಹೊಲಿದದ್ದು. ನಾನು ಜೇಬನ್ನು ಇನ್ನೂ ಹತ್ತಿರ ಹಿಡಿದೆ. ಅವಳಿಗೆ ಅನುಮಾನ ಬಂತು. ಬೆರಳು ಚಾಚಿ ಜೇಬನ್ನು ಮುಟ್ಟಿದಳು. ಮೊದಲನೇ ಗೆರೆ ತಡವಿದಳು, ಎರಡನೆಯದು ತಡವಿದಳು. ಆ ಬೆರಳಿಗೆ ಎಲ್ಲ ಗೊತ್ತಿತ್ತು. ಇಷ್ಟು ದಿನ ಅದರ ನೆನಪಿನಲ್ಲೇ ಹೊಲಿಯುತ್ತಿದ್ದಳು.

"ಕಣ್ಣು ಮಂಜಾಗೈತ್ರಿ. ಮಿಷನ್ ಬಿಡಿಸ್ತಾರ ಅಂತ ಯಾರಿಗೂ ಹೇಳಿಲ್ಲ," ಎಂದಳು. ಆಮೇಲೆ ದನಿ ಏರಿತು. "ನಿಮಗ ಗೊತ್ತಿತ್ತಲ್ರಿ ಸೊಟ್ಟ ಬರಾಕತ್ತೈತಿ ಅಂತ? ಮೊದಲs ಯಾಕ ಹೇಳ್ಲಿಲ್ಲ?"

ನಾನು ಪ್ಯಾಂಟನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡು ಓಣಿ ದಾಟಿ ವಾಪಸ್ಸು ಬಂದೆ.

ಮರುದಿನ ಚೀಟಿ ಹಿಡಿದು ನಾನೇ ಯೂನಿಟ್ಟಿಗೆ ಹೋದೆ. ರಮಣ ಓದಿ ಹುಬ್ಬೇರಿಸಿದ.

"ಅಕೀ ಕೈ ನೆಟ್ಟಗ ಐತಿ, ಕಣ್ಣು ಹೋಗೈತಿ," ಎಂದೆ. "ಕಣ್ಣಿಗೆ ಔಷಧ ಐತಿ. ಬರೋ ತನಕ ಅಕೀ ಮಿಷನ್ ಹಂಗs ಇಡ್ರಿ. ನನ್ನ ಮಾತಿನ ಮೇಲೆ ನಂಬಿಕಿ ಇದ್ರ."

"ನಿಮ್ಮ ಮಾತು ನಂಬೇ ಅಲ್ಲೇನಮ್ಮಾ ಮೂಟಿ ವಾಪಸ್ ಬಂದಿದ್ದು!"

"ಆಗ ಬರೆದದ್ದು ಸ್ಲೈಟ್ಲಿ. ಈಗ ಬರೆದದ್ದು ನೋಡು. ಎದುರು ಮನಿಯಾಕಿ ಮ್ಯಾಲೆ ಬ್ಯಾಡ್ಲಿ ಬರೆದಾಕಿ ನಿಂಗ ಸುಳ್ಳು ಹೇಳ್ತಾಳೇನು?"

ಅವನು ತಲೆ ಕೆರೆದುಕೊಂಡು ಮಾಲೀಕರ ಕೋಣೆಗೆ ಹೋಗಿ ಬಂದ. ಅಷ್ಟು ದಿನ ಬೇರೆಯವಳನ್ನು ಕೂಡಿಸುತ್ತೇವೆ, ಈರಮ್ಮ ಬಂದ ದಿನ ಜಾಗ ಬಿಡಿಸಿ ಅವಳಿಗೇ ಕೊಡುತ್ತೇವೆ, ಆದರೆ ಮೊದಲ ಬಂಡಲ್ ನೇರ ಬರಬೇಕು ಎಂದರಂತೆ. ಅಷ್ಟು ಸಾಕಾಗಿತ್ತು.

ಈರಮ್ಮನನ್ನು ಬಳ್ಳಾರಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು. ಕಿಟಕಿಯಿಂದ ಅವಳಿಗೆ ಏನೂ ಕಾಣದೆಂದು ನನಗೂ ಗೊತ್ತು, ಅವಳಿಗೂ ಗೊತ್ತು. ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಲಗಣ್ಣಿನದು 'ಫುಲ್ಲಿ ಮೆಚೂರ್', ಪೂರ್ತಿ ಬಲಿತದ್ದು, ಎಂದರು. ಆ ಜೋಡಿ ನನ್ನ ಹಾಳೆಯಲ್ಲಿರಲಿಲ್ಲ, ಮನಸ್ಸಿನಲ್ಲೇ ಬರೆದುಕೊಂಡೆ. ಆಪರೇಷನ್ನಾದ ಮೇಲೂ ಈರಮ್ಮ ನನ್ನ ಹತ್ತಿರ ಮಾತಾಡಲಿಲ್ಲ. ದಿನಾ ಸಾರು ಮಾಡಿ ಕಳಿಸಿದೆ. ಬಟ್ಟಲು ತೊಳೆದು ವಾಪಸ್ಸು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಬಟ್ಟಲಾದರೂ ಖಾಲಿ ಬರುತ್ತದಲ್ಲ ಎಂದು ಅದನ್ನೇ ಒಂದು ಕೃಪೆ ಎಂದು ಎಣಿಸಿದೆ.

ಅವಳು ಕೆಲಸಕ್ಕೆ ಮರಳಿದ ಮೊದಲ ದಿನದ ಬಂಡಲ್ ನನ್ನ ಜಗಲಿಗೆ ಬಂದಾಗ ಊಟ ಬಿಟ್ಟು ಎದ್ದೆ. ಒಂದೊಂದೇ ಜೇಬು ಬಿಸಿಲಿಗೆ ಹಿಡಿದೆ, ಬೆರಳಿನಿಂದಲೂ ತಡವಿದೆ. ರೈಲು ಹಳಿ. ಕೊನೆಯ ಪೀಸಿನ ತನಕ ರೈಲು ಹಳಿ. 'ಪರ್ಫೆಕ್ಟ್ಲಿ ಸ್ಟ್ರೈಟ್' ಎನ್ನುವುದನ್ನು ಈ ಕೆಲಸಕ್ಕೆ ಕೂತ ನಾಲ್ಕು ವರ್ಷದಲ್ಲಿ ಮೊದಲ ಸಲ ಬರೆದೆ. ಕೊರತೆಯ ಚೀಟಿಯಲ್ಲಿ ಅದಕ್ಕೆ ಜಾಗವೇ ಇಲ್ಲ, ಅಂಚಿನಲ್ಲಿ ತುರುಕಿದೆ.

ಮರುದಿನ ಶುಕ್ರವಾರ. ಬೆಳಿಗ್ಗೆ ನಾನು ಹೂ ಏರಿಸುತ್ತಿದ್ದಾಗ ಅಂಗಳದಲ್ಲಿ ದನಿ ಕೇಳಿಸಿತು.

"ಅಕ್ಕಾ, ಬರ್ರಿ ಇಲ್ಲಿ ಹೊರಗ."

ಹೊರಗೆ ಬಂದೆ. ತನ್ನ ಹೊಸ್ತಿಲಿಗೆ ಅರಿಶಿನ ಹಚ್ಚಿ ಬಂದ ಕೈ, ಕಪ್ಪು ಕನ್ನಡಕ ಹಣೆಯ ಮೇಲೆ, ಈರಮ್ಮ ನನ್ನ ರಂಗೋಲಿಯ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಿದ್ದಳು.

"ಇದು ಎಷ್ಟು ದಿನದಿಂದ ಹಿಂಗ ಹಾಕಾಕತ್ತೀರಿ?"

"ಯಾಕ, ಏನಾಗೈತಿ? ಎಂಟು ಚುಕ್ಕಿದು."

"ಚುಕ್ಕಿ ಒಂದ್ಕಡೆ ಅದಾವ, ಗೆರಿ ಒಂದ್ಕಡೆ ಅದಾವ್ರಿ. ಈ ಗೆರಿ ನೋಡ್ರಿ, ಮಡಕಶಿರಾಕ ಹೊಂಟೈತಿ. ಇದು ಬಳ್ಳಾರಿಗೆ ಹೊಂಟೈತಿ."

"ಹೋಗ್ಲಿ ಬಿಡೇ, ಒಸಿ..."

"ಒಸಿ ಏನ್ರಿ ಒಸಿ!" ಎಂದವಳೇ ನನ್ನನ್ನು ದಾಟಿ ಒಳಗೆ ಹೋಗಿ, ದೇವರ ಕೋಣೆಯ ಬಾಗಿಲು ಸರಿಸಿ ಹಾಳೆಯ ಮುಂದೆ ನಿಂತಳು. ಅವಳಿಗೆ ಅಕ್ಷರ ಅಷ್ಟಕ್ಕಷ್ಟೇ. ಕೂಡಿಸಿ ಕೂಡಿಸಿ ಓದುತ್ತ ಬಂದು ಒಂದು ಕಡೆ ಬೆರಳು ಒತ್ತಿ ಹಿಡಿದಳು. "ನನಗ ಬರೆದಿದ್ದು ಇದs ಅಲ್ಲೇನ್ರಿ? ಓದ್ರಿ."

"ಬ್ಯಾಡ್ಲಿ," ಎಂದೆ.

"ಹಾಂ. ಅದs. ನಡೀರಿ ಬಳ್ಳಾರಿಗೆ. ಈ ಸಲಾನೂ ಕಿಟಕಿ ಸೀಟು ನಂಗs, ಈ ಸಲ ನೋಡ್ಕೋತ ಹೋಗೋದೈತಿ."

ಹೋದೆವು. ನನಗೆ ಪೊರೆ ಇರಲಿಲ್ಲ, ಬರೀ ಕನ್ನಡಕ ಬೇಕಾಗಿತ್ತು. ಈರಮ್ಮ ದಾರಿಯುದ್ದಕ್ಕೂ ಕಂಡ ಕಂಡ ಬೋರ್ಡನ್ನೆಲ್ಲ ಕೂಡಿಸಿ ಓದಿದಳು, ತಪ್ಪು ತಪ್ಪಾಗಿ. ನಾನು ತಿದ್ದಲಿಲ್ಲ.

ಮನೆಗೆ ಬಂದು ಕನ್ನಡಕ ಹಾಕಿಕೊಂಡು ಮಾಡಿದ ಮೊದಲ ಕೆಲಸ, ಆ ವಾಪಸ್ಸು ಬಂದ ಮೂಟೆಯಲ್ಲಿ ಉಳಿದಿದ್ದ ಒಂದು ಪ್ಯಾಂಟನ್ನು ತೆಗೆದು ನೋಡಿದ್ದು. ಆ ಜೇಬು ನಾನು ಅಂದುಕೊಂಡಿದ್ದಕ್ಕಿಂತ ಎಷ್ಟೋ ಸೊಟ್ಟ ಇತ್ತು. ಅಂದರೆ ನನ್ನ ಸ್ಲೈಟ್ಲಿಯಲ್ಲಿ ದಯೆ ಎಷ್ಟು, ಕಣ್ಣಿನ ಮಂಜು ಎಷ್ಟು? ದಯೆ ಎಂದು ನಾನು ಎಣಿಸಿಕೊಂಡ ಆ ಕೃಪೆಗಳನ್ನು ಲೆಕ್ಕದಿಂದ ತೆಗೆದುಹಾಕಿದೆ. ತೆಗೆದರೂ ಬಹಳ ಉಳಿದವು.

ಸರಿ, ಬೇಳೆ ಬೆಂದ ವಾಸನೆ ಬರುತ್ತಿದೆ.

ಪೇಂಟರು ಹಾಳೆಯನ್ನು ಉಳಿಸಿ ಸುತ್ತ ಬಣ್ಣ ಹೊಡೆದ. ಕೆಲಸ ಮುಗಿಸಿ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ, "ಅಮ್ಮಾ, ಹಾಳಿ ಅಂಟಿಸಿದ್ದs ಸೊಟ್ಟ ಐತಲ್ರಿ. ಕಿತ್ತಿ ನೆಟ್ಟಗ ಹಚ್ಚಲೇನ್ರಿ?" ಎಂದ.

ನಾನು ಕನ್ನಡಕ ಹುಡುಕುತ್ತಿದ್ದೆ. ಅಷ್ಟರಲ್ಲಿ ಬಟ್ಟಲು ಹಿಡಿದು ಸಕ್ಕರೆಗೆ ಬಂದಿದ್ದ ಈರಮ್ಮ ಬಾಗಿಲಲ್ಲೇ ನಿಂತು, ಆಪರೇಷನ್ನಾದ ಕಣ್ಣನ್ನು ಕಿರಿದು ಮಾಡಿ ಗೋಡೆಯನ್ನು ನೋಡಿದಳು. ಹಾಳೆ ನೋಡಿದಳು, ತನ್ನ ಬೆರಳಚ್ಚು ನೋಡಿದಳು, ನನ್ನನ್ನೂ ಒಂದು ಸಲ ನೋಡಿದಳು.

"ಒಸಿ ಸೊಟ್ಟ ಐತಿ," ಎಂದಳು ಪೇಂಟರಿಗೆ. "ಇರ್ಲಿ ಬಿಡ್ರಿ."